ರಾಜನಿಗೆ ಬಣ್ಣ ತುಂಬಿದರೆ ಇತಿಹಾಸ ಬಂದೀತೆ?

ರಾಜ್ಯೋತ್ಸವ ಹತ್ತಿರ ಬಂತೆಂದರೆ ಶಾಲೆಗಳ ಪಕ್ಕದ ಜೆರಾಕ್ಸ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಕೃಷ್ಣದೇವರಾಯ, ಇಮ್ಮಡಿ ಪುಲಕೇಶಿ, ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ, ಕೆಂಪೇಗೌಡ ಎಲ್ಲರೂ ಬರಿಯ ಗೆರೆಗಳಾಗಿ ಯಂತ್ರದಿಂದ ಒಬ್ಬರ ಹಿಂದೊಬ್ಬರು ಹೊರಬೀಳುತ್ತಾರೆ. ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳು ಆ ಗೆರೆಗಳೊಳಗೆ ಬಣ್ಣ ತುಂಬುತ್ತಾರೆ. ಟೀಚರು ಕೆಂಪು ಪೆನ್ನಿನಲ್ಲಿ 'ಗುಡ್' ಎಂದು ಬರೆದು ಒಂದು ನಕ್ಷತ್ರ ಹಾಕುತ್ತಾರೆ. ಸಂಜೆಯ ಹೊತ್ತಿಗೆ ಫೋಟೋ ಪೋಷಕರ ವಾಟ್ಸಾಪ್ ಗುಂಪು ಸೇರಿರುತ್ತದೆ. ಚಟುವಟಿಕೆಯ ಮೂಲಕ ಇತಿಹಾಸ ಕಲಿಸಿದ್ದಾಯಿತು ಎಂದು ಎಲ್ಲರಿಗೂ ಸಮಾಧಾನ.

ಇದನ್ನು ಮೆಚ್ಚುವವರ ವಾದ ಗೊತ್ತಿರುವುದೇ. ಇಸವಿಗಳನ್ನು ಉರು ಹೊಡೆಸುವುದಕ್ಕಿಂತ ಇದು ಮೇಲು. ಮಗು ಕೈಯಿಂದ ಮಾಡಿದ್ದನ್ನು ಮರೆಯುವುದಿಲ್ಲ. ಏಳೆಂಟು ವರ್ಷದ ಕೂಸಿಗೆ ಶತಮಾನದ ಲೆಕ್ಕ ಹೇಳಿ ಏನು ಪ್ರಯೋಜನ, ವೀರರ ಮುಖ ಪರಿಚಯವಾದರೆ ಸಾಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದಂದಿನಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಟ, ಹಾಡು, ಚಿತ್ರಗಳಿಗೆ ಮರ್ಯಾದೆ ಬಂದಿದೆ. ಅದು ಬರಲೇಬೇಕಿತ್ತು. ಚಿತ್ರಕ್ಕೆ ಬಂದ ಆ ಮರ್ಯಾದೆಯ ಹಿಂದೆ ಬಣ್ಣದ ಹಾಳೆಯೂ ನುಸುಳಿಕೊಂಡು ಬಂದಿತು. ನನ್ನ ತಕರಾರು ಅದರ ಮೇಲೆ. ಆ ಹಾಳೆಯಲ್ಲಿ ಮಗು ಚಿತ್ರ ಬರೆಯುವುದೂ ಇಲ್ಲ, ಇತಿಹಾಸ ಕಲಿಯುವುದೂ ಇಲ್ಲ. ಇತಿಹಾಸಕ್ಕೆ ಬೇಕಾದ ಬುದ್ಧಿ ಇನ್ನೂ ಮೊಳೆಯುವ ಮೊದಲೇ ಅದನ್ನು ಚಿವುಟುವ ಕೆಲಸ ಅಲ್ಲಿ ನಡೆಯುತ್ತಿದೆ.

ಕೃಷ್ಣದೇವರಾಯನ ಹಾಳೆಯನ್ನೇ ನೋಡಿ. ತಲೆಯ ಮೇಲೆ ಐದು ಶಿಖರದ ಕಿರೀಟ, ಹುರಿಮೀಸೆ, ಅಗಲ ಎದೆ, ಕೈಯಲ್ಲಿ ಖಡ್ಗ. ನಮ್ಮ ಪ್ರಾಚೀನ ಅರಸರಲ್ಲಿ ಯಾರ ರೂಪದ ಬಗ್ಗೆಯಾದರೂ ಒಳ್ಳೆಯ ಆಧಾರ ಇದ್ದರೆ ಅದು ಈತನದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಸನನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಸಾಧಾರಣ ಎತ್ತರ, ತೆಳ್ಳಗಿನ ಮೈಯಲ್ಲ, ಕೊಂಚ ದಪ್ಪವೇ, ಮುಖದ ಮೇಲೆ ಸಿಡುಬಿನ ಕಲೆ. ತಿರುಮಲೆಯ ದೇವಾಲಯದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಅವನ ಲೋಹದ ಪ್ರತಿಮೆ ಇದೆ. ಅದರ ತಲೆಯ ಮೇಲಿರುವುದು ಉದ್ದನೆಯ ಟೋಪಿ, ಕುಲ್ಲಾಯಿ. ಪಾಯಸ್ ಹೇಳುವುದೂ ಜರತಾರಿ ಟೋಪಿಯನ್ನೇ. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ ಸಾಲಾಗಿ ನಿಂತ ಆಸ್ಥಾನಿಕರು ಇದೇ ಟೋಪಿ ಹಾಕಿ, ಮೇಲೆ ಉದ್ದ ತೋಳಿನ ಕಬಾಯಿ ತೊಟ್ಟಿದ್ದಾರೆ. ಪಶ್ಚಿಮದ ಇಸ್ಲಾಮೀ ಆಸ್ಥಾನಗಳ ಉಡುಪನ್ನು ವಿಜಯನಗರದವರು ತಮ್ಮ ದರ್ಬಾರಿನ ಉಡುಪಾಗಿ ಮಾಡಿಕೊಂಡ ಬಗೆಯನ್ನು ಫಿಲಿಪ್ ವ್ಯಾಗನರ್ ಅವರಂಥ ವಿದ್ವಾಂಸರು ವಿವರವಾಗಿ ತೋರಿಸಿದ್ದಾರೆ. ಹಂಪಿಯ ಅರಸನ ತಲೆಯ ಮೇಲೆ ಅಂಥ ಟೋಪಿ ಯಾಕೆ ಬಂತು ಎಂಬ ಒಂದೇ ಪ್ರಶ್ನೆಯಲ್ಲಿ ಅರಬ್ಬೀ ಸಮುದ್ರದ ಕುದುರೆ ವ್ಯಾಪಾರ, ಬಹಮನಿ ನೆರೆಹೊರೆ, ದರ್ಬಾರಿನ ಶಿಷ್ಟಾಚಾರ ಎಲ್ಲ ಅಡಗಿವೆ. ನಮ್ಮ ಹಾಳೆ ಆ ಟೋಪಿಯನ್ನು ಕಿತ್ತು ಕಿರೀಟ ಇಟ್ಟಿತು, ಸಿಡುಬಿನ ಕಲೆ ಅಳಿಸಿತು, ಹೊಟ್ಟೆ ಕರಗಿಸಿತು. ಮಗುವಿಗೆ ಉಳಿದ ಪ್ರಶ್ನೆ ಒಂದೇ: ಪಂಚೆಗೆ ಹಳದಿಯೋ ಕೆಂಪೋ?

ಕೃಷ್ಣದೇವರಾಯನಿಗಾದರೂ ಆಧಾರ ಇದೆ. ಪುಲಕೇಶಿಯ ಮುಖ ಯಾರಿಗೆ ಗೊತ್ತು? ಅಜಂತೆಯ ಒಂದನೇ ಗುಹೆಯ ಚಿತ್ರವೊಂದರಲ್ಲಿ ಪರ್ಷಿಯಾದ ರಾಯಭಾರಿಯನ್ನು ಬರಮಾಡಿಕೊಳ್ಳುತ್ತಿರುವವನು ಅವನೇ ಎಂದು ಹಿಂದೆ ಕೆಲವರು ಊಹಿಸಿದ್ದರು. ಆ ಊಹೆ ಮುಂದೆ ನಿಲ್ಲಲಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ರಾಣಿಯೊಡನೆ ನಿಂತ ಅಶೋಕನ ಶಿಲ್ಪ ಸಿಕ್ಕಿತು, ಅವನ ಹೆಸರನ್ನು ಬ್ರಾಹ್ಮಿಯಲ್ಲಿ ಕೆತ್ತಿಯೂ ಇದ್ದಾರೆ. ಆದರೆ ಅದನ್ನು ಕಡೆದದ್ದು ಅಶೋಕ ಸತ್ತು ಎಷ್ಟೋ ತಲೆಮಾರು ಕಳೆದ ಮೇಲೆ. ಆ ಶಿಲ್ಪಿಯೂ ಅಶೋಕನನ್ನು ಕಂಡವನಲ್ಲ. ಬಸವಣ್ಣನ ಮುಖವೂ ಹೀಗೆಯೇ, ನಂತರದವರ ಭಕ್ತಿ ಬಿಡಿಸಿದ ಮುಖ. ಇದರಲ್ಲಿ ಅವಮಾನವೇನೂ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮಕ್ಕಳಿಗೆ ಹೇಳಲು ನಮಗೇಕೆ ಇಷ್ಟು ಸಂಕೋಚ? 'ಇವರು ಹೀಗಿದ್ದರು' ಎಂದು ಹಾಳೆ ಹೇಳುವ ಜಾಗದಲ್ಲಿ 'ಇವರು ಹೇಗಿದ್ದರೆಂದು ನಮಗೆ ಹೇಗೆ ಗೊತ್ತು?' ಎಂದು ಕೇಳಬೇಕಿತ್ತು. ಇತಿಹಾಸ ಅಲ್ಲಿಂದ ಶುರುವಾಗುತ್ತದೆ.

ಗಾಂಭೀರ್ಯಕ್ಕೆ ಭಂಗ ಬಂದರೂ ಒಂದು ಮಾತು ಹೇಳಿಬಿಡುತ್ತೇನೆ. ಕನ್ನಡದ ಮಕ್ಕಳ ಮನಸ್ಸಿನಲ್ಲಿ ಕದಂಬ, ಚಾಲುಕ್ಯ, ವಿಜಯನಗರ, ಮೈಸೂರು ನಾಲ್ಕೂ ವಂಶಗಳಿಗೆ ಇರುವುದು ಒಂದೇ ಮುಖ, ಡಾ. ರಾಜ್‌ಕುಮಾರ್ ಅವರದು. ರಣಧೀರ ಕಂಠೀರವ, ಇಮ್ಮಡಿ ಪುಲಿಕೇಶಿ, ಶ್ರೀ ಕೃಷ್ಣದೇವರಾಯ, ಮಯೂರ ಚಿತ್ರಗಳು 1960ರಿಂದ 1975ರ ನಡುವೆ ಬಂದವು. ಅವುಗಳ ಪೋಸ್ಟರು ಕ್ಯಾಲೆಂಡರಿಗೆ ಇಳಿಯಿತು, ಕ್ಯಾಲೆಂಡರಿನದು ಚಾರ್ಟಿಗೆ, ಚಾರ್ಟಿನದು ಜೆರಾಕ್ಸಿಗೆ. ಓಬವ್ವ ಎಂದರೆ 1972ರ ನಾಗರಹಾವು ಚಿತ್ರದ ಜಯಂತಿ. ಸಿನಿಮಾದವರನ್ನು ದೂರಿ ಫಲವಿಲ್ಲ; ಅವರು ಕಥೆ ಹೇಳಿದರು, ಚೆನ್ನಾಗಿಯೇ ಹೇಳಿದರು. ಅದನ್ನು ಪಾಠದ ಕೋಣೆಗೆ ತಂದು ಪುರಾವೆಯ ಜಾಗದಲ್ಲಿ ಕೂರಿಸಿದವರು ನಾವು.

'ಕೈಯಿಂದ ಮಾಡಿದ್ದು ನೆನಪಿನಲ್ಲಿ ಉಳಿಯುತ್ತದೆ' ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪದಗಳನ್ನು ಬರೆದುಕೊಂಡವರಿಗಿಂತ ಅವುಗಳ ಚಿತ್ರ ಬಿಡಿಸಿದವರು ಹೆಚ್ಚು ನೆನಪಿಟ್ಟುಕೊಂಡಿದ್ದರು. ಅಲ್ಲಿ ಭಾಗವಹಿಸಿದವರು ಮಕ್ಕಳಲ್ಲ, ಕಾಲೇಜು ವಿದ್ಯಾರ್ಥಿಗಳು. ಅವರು ಬಿಡಿಸಿದ್ದು ತಾವೇ ಯೋಚಿಸಿದ ಚಿತ್ರ, ಯಾರೋ ಕೊಟ್ಟ ಗೆರೆಗೆ ಬಣ್ಣವಲ್ಲ. ಇರಲಿ, ಮಕ್ಕಳ ವಿಷಯದಲ್ಲೂ ಅದು ನಿಜ ಎಂದೇ ಇಟ್ಟುಕೊಳ್ಳೋಣ. ಆಗ ನನ್ನ ಆತಂಕ ಇನ್ನೂ ಹೆಚ್ಚುತ್ತದೆ. ಚಿತ್ರ ಅಷ್ಟು ಗಟ್ಟಿಯಾಗಿ ಉಳಿಯುವುದಾದರೆ ತಪ್ಪು ಚಿತ್ರವೂ ಅಷ್ಟೇ ಗಟ್ಟಿಯಾಗಿ ಉಳಿಯುತ್ತದೆ. ಏಳನೇ ವಯಸ್ಸಿನಲ್ಲಿ ಕೂತ ಕಿರೀಟವನ್ನು ಇಪ್ಪತ್ತನೇ ವಯಸ್ಸಿನಲ್ಲಿ ಇಳಿಸಲು ಹೊರಟ ಮೇಷ್ಟರ ಮೇಲೆ ಎಂಥ ಕೋಪ ತಿರುಗುತ್ತದೆಂಬುದನ್ನು ನಮ್ಮ ಊರುಗಳಲ್ಲಿ ನೋಡುತ್ತಲೇ ಇದ್ದೇವೆ.

ಬಣ್ಣದ ಹಾಳೆಯನ್ನು ಒಪ್ಪದ ಇನ್ನೊಂದು ಪಂಗಡವಿದೆ. ವಿಯೆನ್ನಾದ ಫ್ರಾನ್ಜ್ ಸಿಜೆಕ್‌ನಿಂದ ಹಿಡಿದು ವಿಕ್ಟರ್ ಲೋವೆನ್‌ಫೆಲ್ಡ್‌ವರೆಗೆ ಬೆಳೆದ ವಿಚಾರ ಅದು: ಮಗುವನ್ನು ಅದರ ಪಾಡಿಗೆ ಬಿಡಿ, ತನಗೆ ತೋಚಿದ್ದನ್ನು ಬಿಡಿಸಲಿ, ದೊಡ್ಡವರ ಗೆರೆ ಅದರ ಮೇಲೆ ಹೇರಬೇಡಿ. 1947ರ ತನ್ನ ಪುಸ್ತಕದಲ್ಲಿ ಲೋವೆನ್‌ಫೆಲ್ಡ್ ಬಣ್ಣ ತುಂಬುವ ಪುಸ್ತಕಗಳನ್ನು ಖಡಾಖಂಡಿತವಾಗಿ ವಿರೋಧಿಸಿದ್ದ. ಚಿತ್ರಕಲೆಯ ಮಟ್ಟಿಗೆ ನಾನು ಅವನ ಕಡೆಯವನೇ. ಆದರೆ 'ಹಳೇಬೀಡು ಹೇಗಿತ್ತೆಂದು ನಿಮ್ಮ ಕಲ್ಪನೆಯಲ್ಲಿ ಬಿಡಿಸಿ' ಎಂದು ಖಾಲಿ ಹಾಳೆ ಕೊಡುವ ಹೊಸ ಕಾಲದ ಖಾಸಗಿ ಶಾಲೆಗಳೂ ಇತಿಹಾಸ ಕಲಿಸುತ್ತಿಲ್ಲ. ಏನನ್ನೂ ನೋಡದ ಮಗು ತನ್ನ ಟೀವಿಯನ್ನೇ ಬಿಡಿಸುತ್ತದೆ. ಇತಿಹಾಸದಲ್ಲಿ ಕಲ್ಪನೆ ಬೇಕು, ಆದರೆ ಅದು ಗೂಟಕ್ಕೆ ಕಟ್ಟಿದ ಹಸುವಿನಂತೆ ಹಗ್ಗ ಎಷ್ಟು ದೂರ ಬಿಡುತ್ತದೋ ಅಷ್ಟೇ ಮೇಯಬೇಕು. ಆ ಗೂಟ ಎಂದರೆ ಪುರಾವೆ: ಕಲ್ಲು, ಪಾತ್ರೆ, ಗೋಡೆ, ಕಾಗದ, ಅಜ್ಜಿಯ ಮಾತು.

ಹಾಗಾದರೆ ಚಿತ್ರವನ್ನು ಹೇಗೆ ಬಳಸಬೇಕು? ಇತಿಹಾಸಕಾರರು ಬಳಸಿದ ಹಾಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಹೊರಟ ಕಾಲಿನ್ ಮೆಕೆಂಜಿಯ ತಂಡದಲ್ಲಿ ಅಳೆಯುವವರ ಜೊತೆ ಚಿತ್ರ ಬರೆಯುವವರೂ ಇದ್ದರು. ಕ್ಯಾಮೆರಾ ಇನ್ನೂ ಹುಟ್ಟದ ಕಾಲ. ಗುಡಿ, ಶಿಲ್ಪ, ಶಾಸನಗಳನ್ನು ನೋಡಿ ಬಿಡಿಸುವುದೇ ದಾಖಲೆ. ಮುಂದೆ ಬಿ. ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದದ್ದೂ ಊರೂರಿನ ಕಲ್ಲುಗಳ ಪ್ರತಿ ತೆಗೆಸಿಯೇ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಬಡಿದು ಮಸಿ ಒತ್ತಿ ಅಚ್ಚು ತೆಗೆಯುವ ಶಾಸನತಜ್ಞರ ಕೆಲಸವೂ ಒಂದು ರೀತಿಯಲ್ಲಿ ಚಿತ್ರ ತೆಗೆಯುವುದೇ. ನೋಡಿ ಬಿಡಿಸುವವನ ಕಣ್ಣು ಸುಮ್ಮನೆ ನೋಡುವವನಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಹೆಚ್ಚಿನ ಹೊತ್ತಿನಲ್ಲೇ ಪ್ರಶ್ನೆ ಹುಟ್ಟುವುದು.

ಹಂಪಿಯ ಕಲ್ಲಿನ ರಥ ಎಲ್ಲ ಮಕ್ಕಳಿಗೂ ಗೊತ್ತು. ಐವತ್ತು ರೂಪಾಯಿಯ ಹೊಸ ನೋಟಿನ ಹಿಂದೆ ಅದು ಇದೆ. ಚಿತ್ರಕಲೆ ಸ್ಪರ್ಧೆಗಳಲ್ಲಿ ಅದನ್ನು ಬಿಡಿಸದ ಊರಿಲ್ಲ. ವಿಠ್ಠಲ ದೇವಾಲಯದ ಅಂಗಳದಲ್ಲಿ ಆ ರಥದ ಮುಂದೆ ಮಕ್ಕಳನ್ನು ಕೂರಿಸಿ, ಎಳೆಯುತ್ತಿರುವ ಪ್ರಾಣಿಗಳನ್ನು ಮಾತ್ರ ಬಿಡಿಸಿ ಎಂದು ಹೇಳಿ ನೋಡಿ. ಎರಡು ಆನೆಗಳು, ಇಷ್ಟು ದೊಡ್ಡ ರಥಕ್ಕೆ ತೀರ ಸಣ್ಣವು. ಅವುಗಳ ಹಿಂದೆ ಕಲ್ಲಿನ ಮೇಲೆ ಮುರಿದ ಕಾಲು, ಬಾಲದ ಗುರುತು. ಅವು ಆನೆಯವಲ್ಲ, ಕುದುರೆಯವು. ರಥಕ್ಕೆ ಮೊದಲಿದ್ದದ್ದು ಕುದುರೆಗಳು, ಈ ಆನೆಗಳನ್ನು ಆಮೇಲೆ ಬೇರೆಲ್ಲಿಂದಲೋ ತಂದಿಟ್ಟರು. ಇನ್ನು ಮೇಲೆ ನೋಡಿ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಫೋಟೋಗಳನ್ನು ತೆಗೆದ. ಅವನ ಫೋಟೋದಲ್ಲಿ ಇದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಇಲ್ಲ. ಗ್ರೀನ್‌ಲಾನ ಫೋಟೋದ ಒಂದು ಪ್ರತಿ, ಒಂದು ನೋಟು, ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಬಿಡಿಸಿ ಎಂದರೆ ಮೂರನೇ ತರಗತಿಯ ಮಗುವೂ ಬಿಡಿಸುತ್ತದೆ. ಹಂಪಿಗೆ ಬಸ್ಸು ಹತ್ತಬೇಕಾಗಿಯೂ ಇಲ್ಲ. 'ಹಳೆಯದು' ಎಂದರೆ ಅಲುಗದೆ ನಿಂತದ್ದು ಎಂಬ ಭ್ರಮೆ ಅಲ್ಲಿಗೆ ಕಳಚಿತು. ಕಲ್ಲಿಗೂ ಕಥೆ ಮುಂದುವರಿಯುತ್ತದೆ, ಯಾರೋ ಸೇರಿಸುತ್ತಾರೆ, ಯಾರೋ ಕಳಚುತ್ತಾರೆ ಎಂಬುದು ಮಗುವಿಗೆ ತಿಳಿಯಿತು. ಇದಕ್ಕಿಂತ ದೊಡ್ಡ ಇತಿಹಾಸದ ಪಾಠ ಪದವಿ ತರಗತಿಯಲ್ಲೂ ಇಲ್ಲ.

ಓಬವ್ವನನ್ನೂ ಹೀಗೆ ಬಿಡಿಸಬಹುದು. ಚಿತ್ರದುರ್ಗದ ಕೋಟೆಯಲ್ಲಿ ಅವಳ ಹೆಸರಿನ ಕಿಂಡಿ ಇದೆ, ಹತ್ತಿರದಲ್ಲೇ ತಣ್ಣೀರು ದೋಣಿ ಇದೆ. ಮುಖ ಬೇಡ, ಸೀರೆಯ ಬಣ್ಣ ಬೇಡ, ಜಾಗ ಬಿಡಿಸಿ. ಕಿಂಡಿಯಲ್ಲಿ ಒಬ್ಬ ಆಳು ನುಸುಳಬೇಕಾದರೆ ಮೈ ಎಷ್ಟು ಬಗ್ಗಬೇಕು, ಮೊದಲು ಹೊರಬರುವುದು ತಲೆಯೋ ಕಾಲೋ, ಒನಕೆ ಹಿಡಿದವಳು ಯಾವ ಕಡೆ ನಿಂತರೆ ಒಳಬರುವವನಿಗೆ ಕಾಣುವುದಿಲ್ಲ, ನೀರಿಗೆ ಬಂದವಳಿಗೆ ಸದ್ದು ಕೇಳಿಸುವಷ್ಟು ದೋಣಿ ಹತ್ತಿರವಿದೆಯೆ? ಪೆನ್ಸಿಲ್ ಹಿಡಿದ ಮಗು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳಲೇಬೇಕು, ಇಲ್ಲದಿದ್ದರೆ ಚಿತ್ರ ಮುಂದೆ ಹೋಗುವುದಿಲ್ಲ. ಓಬವ್ವನ ಮೇಲಿನ ಗೌರವ ಇದರಿಂದ ಕಡಿಮೆಯಾಗುವ ಭಯ ಬೇಡ. ಎಷ್ಟು ಇಕ್ಕಟ್ಟಿನ ಜಾಗದಲ್ಲಿ ಅವಳು ಎಷ್ಟು ಬೇಗ ಯೋಚಿಸಿದಳೆಂಬುದು ಆಗಲೇ ಗೊತ್ತಾಗುವುದು.

ಎಲ್ಲರ ಊರಿನಲ್ಲೂ ಚಿತ್ರದುರ್ಗ ಇಲ್ಲ, ನಿಜ. ವೀರಗಲ್ಲು ಇಲ್ಲದ ಹೋಬಳಿಯಂತೂ ಕಡಿಮೆ. ಮಕ್ಕಳಿಗೆಂದೇ ಮಾಡಿಟ್ಟಂತಿರುವ ಚಿತ್ರಕಥೆ ಅದು, ಓದಬೇಕಾದದ್ದು ಮಾತ್ರ ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು, ನೆತ್ತಿಯಲ್ಲಿ ಸೂರ್ಯ ಚಂದ್ರ. ವೀರ ದೊಡ್ಡವನು, ಅವನ ಶತ್ರುಗಳು ಚಿಕ್ಕವರು. ಫ್ರೆಂಚ್ ಚಿಂತಕ ಲ್ಯುಕೆ 1927ರಲ್ಲಿ ಹೇಳಿದ್ದೇನೆಂದರೆ ಸಣ್ಣ ಮಕ್ಕಳು ಕಂಡದ್ದನ್ನಲ್ಲ, ತಮಗೆ ಗೊತ್ತಿರುವುದನ್ನು ಬಿಡಿಸುತ್ತಾರೆ. ಮನೆಯ ಚಿತ್ರದಲ್ಲಿ ಅಮ್ಮ ಬಾಗಿಲಿಗಿಂತ ಎತ್ತರ ಇರುವುದು ಇದೇ ಕಾರಣಕ್ಕೆ. ಈ ವಯಸ್ಸಿನವರಿಗೆ ನೋಡಿ ಬಿಡಿಸುವ ಕೆಲಸ ಕೊಡಬಾರದು ಎಂದು ವಾದಿಸುವವರು ಇದನ್ನೇ ಆಧಾರ ಮಾಡಿಕೊಳ್ಳುತ್ತಾರೆ. ನನಗೆ ಇದು ಉಲ್ಟಾ ಕಾಣುತ್ತದೆ. ಕಲ್ಲುಕುಟಿಗ ಯಾಕೆ ವೀರನನ್ನು ದೊಡ್ಡದಾಗಿ ಕಡೆದ ಎಂದು ಹೇಳಬಲ್ಲವರು ಯಾರಾದರೂ ಇದ್ದರೆ ಅಮ್ಮನನ್ನು ಬಾಗಿಲಿಗಿಂತ ಎತ್ತರ ಬಿಡಿಸುವ ಆ ಮಗುವೇ. ಮಗುವಿನ ಕುದುರೆಗೆ ಕಾಲು ಐದಾದರೆ ಆಗಲಿ. ಕಲ್ಲಿನ ಕುದುರೆಗೆ ಎಷ್ಟಿದೆ ಎಂದು ಮತ್ತೆ ಹೋಗಿ ಎಣಿಸಿ ಬಂದರೆ ಕೆಲಸ ಆಯಿತು.

ಬೆಂಗಳೂರಿನ ಶಾಲೆಗಳಿಗೆ ಇನ್ನೂ ಸುಲಭ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಕಲ್ಲು ಹತ್ತನೇ ಶತಮಾನದ್ದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ, ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಎಂಬ ದೊಡ್ಡ ಸಂಗತಿಗಳೆಲ್ಲ ಅದರ ಬರಹದಲ್ಲಿವೆ. ಆದರೆ ಕಲ್ಲಿನ ಚಿತ್ರದಲ್ಲಿರುವುದು ಒಂದು ನಾಯಿ, ಒಂದು ಹಂದಿ. ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡ ಕಾಡುಹಂದಿಯೊಂದಿಗೆ ಸೆಣಸಿತು, ಎರಡೂ ಸತ್ತವು. ಅವನು ಕಲ್ಲು ನಿಲ್ಲಿಸಿದ, ಅದರ ಪೂಜೆಗೆಂದು ಭೂಮಿ ಬಿಟ್ಟ. ಸಾಮ್ರಾಜ್ಯಗಳ ಯುದ್ಧ ಅಕ್ಷರಕ್ಕೆ ಹೋಗಿ ನಾಯಿ ಚಿತ್ರಕ್ಕೆ ಬಂದದ್ದು ಏಕೆ? ಆರು ವರ್ಷದವರು ಇದಕ್ಕೆ ಉತ್ತರ ಹೇಳುತ್ತಾರೆ. ದೊಡ್ಡವರೇ ತಡವರಿಸುವುದು.

ವೀರಗಲ್ಲಿನ ಪಕ್ಕದಲ್ಲೇ ಎಷ್ಟೋ ಕಡೆ ಮಾಸ್ತಿಕಲ್ಲು ಇರುತ್ತದೆ: ಬಳೆ ತೊಟ್ಟ ಒಂದು ಕೈ, ಮೇಲಕ್ಕೆ ಎತ್ತಿದ್ದು. ಮಗು ಅದನ್ನೂ ಬಿಡಿಸುತ್ತದೆ, ಬಿಡಿಸಿ ಕೇಳುತ್ತದೆ: 'ಮಿಸ್, ಇದು ಯಾರ ಕೈ?' ಬಣ್ಣದ ಹಾಳೆ ಎಂದೂ ಕೇಳದ ಪ್ರಶ್ನೆ ಇದು. ಚಾರ್ಟಿನ ವೀರರು ಯಾವ ಶಿಕ್ಷಕಿಯನ್ನೂ ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲ, ಅವರು ಅಷ್ಟು ಜನಪ್ರಿಯರಾಗಲು ಅದೂ ಒಂದು ಕಾರಣ ಎಂಬ ಗುಮಾನಿ ನನಗಿದೆ. ಮಗುವಿನ ವಯಸ್ಸಿಗೆ ತಕ್ಕಷ್ಟು ಉತ್ತರ ಹೇಳಬೇಕು, ಸುಳ್ಳು ಹೇಳಬಾರದು. ಗಂಡ ಸತ್ತ ಮೇಲೆ ಅವಳೂ ಸತ್ತಳು, ಜನ ಅದನ್ನು ದೊಡ್ಡದೆಂದು ಕಲ್ಲು ನಿಲ್ಲಿಸಿದರು, ಈಗ ನಾವು ಅದನ್ನು ಸರಿ ಎನ್ನುವುದಿಲ್ಲ. ಮೂರು ವಾಕ್ಯ ಸಾಕು.

ಕಲ್ಲೂ ಇಲ್ಲವೆ? ಅಟ್ಟ ಇದೆ. ಪಾವು, ಸೇರು, ಚಿಮಣಿ ಬುಡ್ಡಿ, ಬೀಸುವ ಕಲ್ಲು, ಒರಳು. ಮನೆಯ ಹಳೆಯ ಪಾವನ್ನು ಎದುರಿಗಿಟ್ಟು ಬಿಡಿಸಿದ ಮಗು ಅದರ ಪಟ್ಟಿ, ತಗ್ಗು, ಒತ್ತಿದ ಮುದ್ರೆ ಎಲ್ಲವನ್ನೂ ನೋಡುತ್ತದೆ. ನಾಲ್ಕು ಪಾವಿಗೆ ಒಂದು ಸೇರು ಎಂದು ಅಜ್ಜಿ ಹೇಳುತ್ತಾಳೆ. ಹಾಗಾದರೆ ಕಿಲೋ ಯಾವಾಗ ಬಂತು? ಮೆಟ್ರಿಕ್ ಅಳತೆಯ ಕಾನೂನು 1956ರದು. ಮರುವರ್ಷ ಏಪ್ರಿಲ್ ಒಂದರಿಂದ ಹದಿನಾರಾಣೆಯ ರೂಪಾಯಿಗೆ ನೂರು ನಯಾಪೈಸೆ. ಸ್ವತಂತ್ರ ದೇಶವೊಂದು ತನ್ನ ಸಂತೆ, ಅಡುಗೆಮನೆಗಳ ಲೆಕ್ಕವನ್ನೇ ಬದಲಿಸಿಕೊಂಡ ಕಥೆ ಒಂದು ಪಾವಿನ ಚಿತ್ರದಿಂದ ಹೊರಡುತ್ತದೆ. ಸಣ್ಣ ಮಕ್ಕಳಿಗೆ ಕಾಲದ ಅರಿವಿಲ್ಲ ಎನ್ನುವವರು ಅಜ್ಜಿಯ ಕಾಲ, ಅಜ್ಜಿಯ ಅಜ್ಜಿಯ ಕಾಲ ಎಂದು ಮಕ್ಕಳು ಎಷ್ಟು ಸಲೀಸಾಗಿ ಹಿಂದೆ ಹೋಗುತ್ತಾರೆ ಎಂಬುದನ್ನು ಗಮನಿಸಿಲ್ಲ.

ಇಷ್ಟೆಲ್ಲ ಕೇಳಿದ ಶಿಕ್ಷಕಿಯರು ಹೇಳುವುದನ್ನು ನಾನು ಬಲ್ಲೆ. ಬಹುಕಕ್ಷೆ ತರಗತಿ, ದಾಖಲೆ ತುಂಬುವ ಕೆಲಸ, ಹೊರಗೆ ಕರೆದುಕೊಂಡು ಹೋದರೆ ಮಕ್ಕಳ ಜವಾಬ್ದಾರಿ, ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿ. ಜೆರಾಕ್ಸ್ ಹಾಳೆ ಮಕ್ಕಳನ್ನು ಅರ್ಧ ಗಂಟೆ ಸುಮ್ಮನೆ ಕೂರಿಸುತ್ತದೆ. ಇದೆಲ್ಲ ನಿಜವೇ. ಬಣ್ಣ ತುಂಬಿಸಿದರೆ ಬೆರಳಿಗೆ ಹಿಡಿತ ಬರುತ್ತದೆ ಎಂಬುದೂ ನಿಜ. ಬೇಕಾದರೆ ತುಂಬಿಸಿ, ಅದಕ್ಕೆ ಮಾವಿನಹಣ್ಣು, ಚಿಟ್ಟೆ, ಬಸ್ಸು ಎಲ್ಲ ಇವೆ. ಅದನ್ನು ಇತಿಹಾಸ ಎಂದು ದಾಖಲೆ ಪುಸ್ತಕದಲ್ಲಿ ಬರೆಯಬೇಡಿ ಎಂದಷ್ಟೇ ನಾನು ಹೇಳುವುದು.

ಶಿಕ್ಷಕಿಯರಿಗಿಂತ ಹೆಚ್ಚಿನ ಹೊಣೆ ಬಹುಮಾನ ಕೊಡುವವರ ಮೇಲಿದೆ. ಪ್ರತಿಭಾ ಕಾರಂಜಿಯಿಂದ ಹಿಡಿದು ಬ್ಯಾಂಕು, ಕ್ಲಬ್ಬುಗಳ ಸ್ಪರ್ಧೆಯವರೆಗೆ ತೀರ್ಪುಗಾರರು ಎತ್ತಿಕೊಳ್ಳುವುದು ಗೆರೆ ದಾಟದ ಬಣ್ಣವನ್ನು, ಚಾರ್ಟಿಗೆ ಹೋಲುವ ಮುಖವನ್ನು. ವೀರಗಲ್ಲಿನ ಮುಂದೆ ಕೂತು ಸೊಟ್ಟ ನಾಯಿ ಬಿಡಿಸಿದ ಮಗುವಿಗೆ ಅಲ್ಲಿ ಸಮಾಧಾನಕರ ಬಹುಮಾನವೂ ಇಲ್ಲ. ಬಹುಮಾನ ಎಲ್ಲಿದೆಯೋ ತರಬೇತಿ ಅಲ್ಲಿಗೆ ಹೋಗುತ್ತದೆ, ಪೋಷಕರೂ ಅಲ್ಲಿಗೇ. ಚಿತ್ರದ ಜೊತೆ 'ಇದನ್ನು ಎಲ್ಲಿ ನೋಡಿದೆ? ಏನು ಅರ್ಥವಾಗಲಿಲ್ಲ?' ಎಂದು ಮಗುವಿನ ಬಾಯಲ್ಲೇ ಕೇಳಿ ಅಂಕ ಕೊಡುವ ಒಂದು ಸಾಲನ್ನು ನಿಯಮಕ್ಕೆ ಸೇರಿಸಲು ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ.

ಈ ನವೆಂಬರ್ ಒಂದಕ್ಕೆ ಜೆರಾಕ್ಸಿಗೆ ಹಣ ಕೊಡುವ ಬದಲು ಊರಾಚೆಯ ವೀರಗಲ್ಲಿನ ಹತ್ತಿರ ಮಕ್ಕಳನ್ನು ಕರೆದೊಯ್ಯಿರಿ. ಮುಳ್ಳುಗಿಡ ಸವರಿಸಿಡಲು ಮೊದಲೇ ಪಂಚಾಯಿತಿಯವರಿಗೆ ಹೇಳಿ. ಕಲ್ಲಿನ ಮೇಲೆ ಸೀಮೆಸುಣ್ಣ ಉಜ್ಜಲು, ಎಣ್ಣೆ ಹಚ್ಚಲು ಯಾರನ್ನೂ ಬಿಡಬೇಡಿ. ಬೆಳಗ್ಗೆ ಎಂಟರೊಳಗೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಕೆತ್ತನೆಯೂ ಎದ್ದು ಕಾಣುತ್ತದೆ, ನೆತ್ತಿಯ ಬಿಸಿಲಲ್ಲಿ ಕಾಣುವುದಿಲ್ಲ.